ಮಾವನ ಹೋಟೆಲಿನಲ್ಲಿ ಚೇರ್ಮನ್ ಮೇಡಂ

ಫೆಬ್ರವರಿ 9, ಸೋಮವಾರ

ಮಲಾಡ್‌ನಿಂದ ಚರ್ಚ್‌ಗೇಟ್‌ವರೆಗೆ ಇವತ್ತೂ ಲೋಕಲ್ ರೈಲಿನಲ್ಲಿ ನಿಂತೇ ಬಂದೆ. ಮೊಣಕಾಲು ನೋವು. ಆಫೀಸಿನಲ್ಲಿ ಬರೀ ಓಡಾಟ — ಗುರುವಾರ ದೆಹಲಿಯಿಂದ ಚೇರ್ಮನ್ ಮೇಡಂ ಬರುತ್ತಾರೆ. ಇಡೀ ದೇಶದ ತೆರಿಗೆ ಇಲಾಖೆಗೆ ಮುಖ್ಯಸ್ಥೆ. ಕಾರ್ಪೆಟ್ ಕೂಡ ತೊಳೆಸಿದ್ದಾರೆ. ದೆಹಲಿಯ ತಮ್ಮ ಆಫೀಸಿಗೆ ಇಲ್ಲಿಂದ ಒಬ್ಬರನ್ನು ಆರಿಸಿಕೊಳ್ಳುತ್ತಾರಂತೆ. ನನ್ನ ಹೆಸರೂ ಇದೆ. ಬೇಕಾ? ಬೇಕು. ಹಾಗೆ ಬರೆದುಕೊಳ್ಳುವುದಕ್ಕೂ ಸಂಕೋಚ.

ಫೆಬ್ರವರಿ 12, ಸಂಜೆ

ಸುಸ್ತು. ಆದರೂ ಬರೆಯಬೇಕು.

ಮೀಟಿಂಗ್ ಮುಗಿದ ಮೇಲೆ ಮೇಡಂ ನನ್ನನ್ನು ಕರೆದು, ಕ್ಯಾಟರಿಂಗ್ ಊಟ ಬೇಡ, ಹತ್ತಿರ ಎಲ್ಲಾದರೂ ದೋಸೆ ತಿನ್ನೋಣ, ಅಂದರು. ಫೋರ್ಟ್‌ನಲ್ಲಿ ಹತ್ತಿರ ಅಂದರೆ ಅಮ್ಮನ ಅಣ್ಣ ದೂಜಮಾವನ ಹೋಟೆಲೇ. ಅಪ್ಪ ಹೋದ ಮೇಲೆ ನನ್ನ ಕಾನ್ವೆಂಟ್ ಫೀಸು ಬಂದದ್ದು ಅದೇ ಗಲ್ಲಾದಿಂದ. ಮಾವನ ತೆರಿಗೆ ಅಪೀಲು ನಮ್ಮ ಇಲಾಖೆಯಲ್ಲಿ ಬಾಕಿ ಇದೆ — ನನ್ನ ಟೇಬಲಿನಲ್ಲಲ್ಲ. ಮೇಡಂಗೆ ಮೊದಲೇ ಹೇಳಬೇಕಿತ್ತು. ತಿಂದು, ಬಿಲ್ ಕೊಟ್ಟು ಹೊರಟರಾಯಿತು ಅಂದುಕೊಂಡೆ.

ಮಾವ ಬಿಲ್ ತರಲೇ ಇಲ್ಲ.

"ಮಗಳು ಕರ್ಕೊಂಡು ಬಂದವರಿಗೆ ಬಿಲ್ಲಾ? ವರ್ಷ ಇಡೀ ನಮ್ಮಿಂದ ತಗೊಳ್ತೀರಿ, ಒಂದು ದೋಸೆಯೂ ತಗೊಳ್ಳಿ." ಹಿಂದಿಯಲ್ಲಿ ಹೇಳಿ ತಾವೇ ನಕ್ಕರು.

ಮೇಡಂ ನಗಲಿಲ್ಲ. "ಮಗಳು?"

"ಸೋದರಮಾವ, ಮೇಡಂ. ಅವರ ಅಪೀಲೊಂದು ನಮ್ಮಲ್ಲಿದೆ." ಆಮೇಲೆ ಮಾವನಿಗೆ, ಆಫೀಸಿನ ದನಿಯಲ್ಲಿ — "ಬಿಲ್ ಮಾಡಿ."

ಮಾವ ಗಲ್ಲಾಕ್ಕೆ ಹೋಗಿ ಬಿಲ್ ಪುಸ್ತಕ ತೆಗೆದರು. ಮಾಡಿದರು. ಎರಡು ದೋಸೆ, ನನ್ನದೂ ಸೇರಿ. ಇಷ್ಟು ವರ್ಷದಲ್ಲಿ ಮೊದಲ ಸಲ. ಮೇಡಂ ತಮ್ಮದು ಕೊಟ್ಟರು, ನಾನು ನನ್ನದು.

ಕಾರಿನಲ್ಲಿ ಮೇಡಂ: "ಈ ಕುರ್ಚಿಗೆ ಬಂದ ಮೇಲೆ ತಂಗಿ ಮಗಳ ಮದುವೆಯಲ್ಲೂ ಊಟ ಮಾಡಿಲ್ಲ ನಾನು. ಬೀಗರದ್ದೊಂದು ಕೇಸಿತ್ತು. ಅಭ್ಯಾಸವಾಗುತ್ತದೆ." ಕಿಟಕಿಯ ಕಡೆ ನೋಡುತ್ತಿದ್ದರು.

ಫೆಬ್ರವರಿ 20

ಆರ್ಡರ್ ಬಂತು. ದೆಹಲಿ. ಮೇಡಂ ಫೋನಿನಲ್ಲಿ, "ಮಾವನ ಕೈಲೇ ಬಿಲ್ ಮಾಡಿಸಿದಿರಲ್ಲ, ಅಂಥವರೇ ಬೇಕು," ಅಂದರು.

ಮಾಡಿದ್ದು ಸರಿ. ಸರಿ ಅಂತ ಮಾಡಿದೆನಾ, ದೆಹಲಿಗಾಗಿ ಮಾಡಿದೆನಾ...

ಅಮ್ಮ ಕೇಳಿದ್ದು ಒಂದೇ. "ಮಾವನಿಗೆ ಹೇಳಿದಿಯಾ?"

ಫೆಬ್ರವರಿ 23

ಹೇಳಲು ಹೋದೆ. ಗಲ್ಲಾದ ಮುಂದೆ ಜನ. ಮೂಲೆಯಲ್ಲಿ ಕೂತೆ — ಸ್ಕೂಲಿನಿಂದ ಬಂದು ಹೋಮ್‌ವರ್ಕ್ ಮಾಡುತ್ತಿದ್ದ ಟೇಬಲ್. ಕಾಫಿ ಬಂತು. ಮಾವ ಬರಲಿಲ್ಲ. ಕುಡಿದು ಮುಗಿಸುವಷ್ಟರಲ್ಲಿ ಬಟ್ಟಲಲ್ಲಿ ಬಡೇಸೋಪು, ಕೆಳಗೆ ಬಿಲ್.

ಗಲ್ಲಾಕ್ಕೆ ಹೋಗಿ ದುಡ್ಡು ಕೊಟ್ಟೆ. "ಮಾವ, ದೆಹಲಿಗೆ..."

"ಗೊತ್ತಾಯ್ತು. ಒಳ್ಳೇದಾಗಲಿ." ಚಿಲ್ಲರೆ ಮುಂದಿಟ್ಟರು. "ಸರಿ ಇದೆಯಾ ನೋಡ್ಕೊಳ್ಳಿ, ಮೇಡಂ."

ತಮಾಷೆಗೇ ಇರಬೇಕು. ಅವರ ಮುಖದಲ್ಲಿ ನಗು ಮಾತ್ರ ಇರಲಿಲ್ಲ.