ತುಕ್ಕುರಾಯನ ಮುಖದ ಬಣ್ಣ

ಬ್ರಿಜ್‌ಪೋರ್ಟ್, ಕನೆಕ್ಟಿಕಟ್
ಅಕ್ಟೋಬರ್ 26, 1974, ಶನಿವಾರ

ನನ್ನ ಎಮಿಲ್,

ಅಮ್ಮನ ನೂರು ಮುತ್ತುಗಳು. ಜೂನ್‌ನಿಂದ ನಿನಗೆ ಒಂದು ಸಾಲೂ ಬರೆದಿಲ್ಲ, ತಪ್ಪು ನನ್ನದೇ. ಕೈನೋವು ಎಂದು ನೆಪ ಹೇಳೋಣ ಅಂದುಕೊಂಡೆ. ಆದರೆ ಅದೇ ಕೈಯಲ್ಲಿ ದಿನಕ್ಕೆ ಎಂಟು ಗಂಟೆ ಕುಂಚ ಹಿಡಿಯುತ್ತೇನೆಂದು ನಿನಗೆ ಗೊತ್ತು, ನೀನು ನಂಬುವವನಲ್ಲ. ಸಿಟ್ಟು ಬಂದಿತ್ತು, ಅಷ್ಟೇ. ಆ ದಿನ ಜೈಲಿನ ಭೇಟಿ ಕೋಣೆಯಿಂದ ಹೊತ್ತಿಗೆ ಮುಂಚೆಯೇ ಎದ್ದು ಬಂದೆನಲ್ಲ, ಬಸ್ಸು ಹಾರ್ಟ್‌ಫರ್ಡ್ ದಾಟುವವರೆಗೂ ನಿನ್ನನ್ನು ಬೈದೆ, ಆಮೇಲೆ ನನ್ನನ್ನೇ ಬೈದುಕೊಂಡೆ. ಬಾಯಿಬಿಟ್ಟೇ ಬೈಯುತ್ತಿದ್ದೆ ಅಂತ ಕಾಣುತ್ತದೆ, ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಊಟ ಸರಿಯಾಗಿ ಮಾಡುತ್ತಿದ್ದೀಯಾ? ಹಲ್ಲುನೋವು ಹೋಯಿತಾ? ಇಲ್ಲಿ ಚಳಿ ಶುರುವಾಗಿದೆ. ಎಲೆಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಒಲೆಯ ಮೇಲೆ ಇಟ್ಟಿದ್ದೇನೆ. ಅರ್ಧ ಬೇಯುವಷ್ಟರಲ್ಲಿ ಒಲೆ ಆರಿಸಿ ಬರೆಯಲು ಕೂತೆ, ಮತ್ತೆ ಎದ್ದು ಹೊತ್ತಿಸಿದೆ, ಮತ್ತೆ ಕೂತೆ. ಒಂದು ಕಡೆ ಕೂರುವುದಕ್ಕೆ ಆಗುತ್ತಿಲ್ಲ. ಹೀಗಾಗಿ ಈ ಕಾಗದ ಅಲ್ಲಲ್ಲಿ ಹಾರಿದರೆ ಸಹಿಸಿಕೋ.

ನವೆಂಬರ್ ಹದಿನಾಲ್ಕಕ್ಕೆ ನೀನು ಪೆರೋಲ್ ಮಂಡಳಿಯ ಮುಂದೆ ನಿಲ್ಲಬೇಕು. ವಕೀಲ ಟೆಡೆಸ್ಕೊ ಈ ವಾರದಲ್ಲೇ ಮೂರು ಸಲ ಫೋನ್ ಮಾಡಿದರು. "ಮಿಸೆಸ್ ಬೊದ್ನಾರ್, ನಿಮ್ಮ ಮಗ ಕೊಂದಿರೋದು ಯಾರೋ ಬೀದಿ ರೌಡೀನಲ್ಲ, ಸ್ವಂತ ಅಕ್ಕನ ಗಂಡನ್ನ. ಹೋದ ಸಲ ಮಂಡಳಿಯೋರು ಕೇಳಿದ್ದು ಒಂದೇ ಪ್ರಶ್ನೆ. ಲೆನಿ ಈಗ ಈ ಬಾಗಿಲಲ್ಲಿ ಬಂದು ನಿಂತ್ರೆ ಏನ್ಮಾಡ್ತೀಯ ಅಂತ. ಇವನು 'ಅದನ್ನೇ ಮಾಡ್ತೀನಿ' ಅಂದ. ಎರಡು ವರ್ಷ ಅಲ್ಲೇ ಹೋಯ್ತು. ಈ ಸಲಾನೂ ಹಂಗೇ ಅಂದ್ರೆ ಪೂರ್ತಿ ಹನ್ನೆರಡು ವರ್ಷ ಕಳೆದೇ ಹೊರಗೆ ಬರೋದು. ನೀವು ಬಂದು ನಾಲ್ಕು ಮಾತಾಡಿ. ಹುಡುಗ ಒಳ್ಳೆಯವನು, ಚರ್ಚಿಗೆ ಹೋಗ್ತಿದ್ದ, ಅಂಥದ್ದೇನಾದ್ರೂ" ಎಂದರು. ನೋಡೋಣ ಎಂದೆ. ನಿನಗಿನ್ನೂ ಇಪ್ಪತ್ತಾರು. ಏಳು ವರ್ಷ ಆದಮೇಲೆ ಬಂದರೆ ಬಾಗಿಲು ತೆಗೆಯಲು ನಾನಿರುತ್ತೇನೋ ಇಲ್ಲವೋ.

ಅದಿರಲಿ. ಮೊದಲು ತುಕ್ಕುರಾಯನ ಸುದ್ದಿ ಹೇಳಿಬಿಡುತ್ತೇನೆ. ನಗಬೇಡ. ಅವನು ಸಾಯಲಿಲ್ಲ ಕಣೋ. ಕಾರಣ ನಿನ್ನ ಅಮ್ಮ.

ಜೂನ್‌ನಲ್ಲಿ ನಾನೇ ಓಡೋಡಿ ಬಂದು ನಿನಗೆ ಹೇಳಿದ್ದೆನಲ್ಲ, ನ್ಯೂಯಾರ್ಕಿನಿಂದ ಬಣ್ಣ ಬಳಿಯಲು ಕಾಮಿಕ್ಸಿನ ಹೊಸ ಪುಟಗಳು ಬಂದಿವೆ, ಈ ಸಲ ಗಸ್ತುಗಾರ ತುಕ್ಕುರಾಯನನ್ನು ನಿಜವಾಗಿಯೂ ಕೊಲ್ಲುತ್ತಾನೆ ಅಂತ. ಅಂಗಡಿಗೆ ಬರಲು ಇನ್ನೂ ಮೂರು ತಿಂಗಳಿತ್ತು. ಇಡೀ ಅಮೆರಿಕದಲ್ಲಿ ನಮ್ಮ ಬಣ್ಣದ ಕೋಣೆಯ ಹೆಂಗಸರಿಗೆ ಬಿಟ್ಟರೆ ನಿನಗೇ ಮೊದಲು ಗೊತ್ತಾದದ್ದು. ನಿನಗೆ ಖುಷಿಯಾಗಲಿ ಅಂತಲೇ ಹೇಳಿದ್ದು. ನೀನು ಹನ್ನೆರಡು ವರ್ಷದವನಿದ್ದಾಗ ನಾನು ತಂದುಕೊಡುತ್ತಿದ್ದ, ಅಚ್ಚು ಕೆಟ್ಟ ಪುಸ್ತಕಗಳನ್ನು ಇದೇ ಮೇಜಿನ ಮೇಲೆ ಹರಡಿಕೊಂಡು ನನ್ನ ತಲೆ ತಿನ್ನುತ್ತಿದ್ದೆ.

"ಅಮ್ಮ, ಗಸ್ತುಗಾರ ಇವನನ್ನ ಯಾಕೆ ಬಿಟ್ಬಿಡ್ತಾನೆ?"

"ಅವನು ಒಳ್ಳೆಯವನು ಕಣೋ, ಅದಕ್ಕೆ."

"ಹಂಗಾದ್ರೆ ಸೇತುವೆ ಬಿದ್ದು ಸತ್ತೋದ್ರಲ್ಲ, ಅವರು ಕೆಟ್ಟವರಾ?"

ಕೈತೊಳೆದು ಊಟಕ್ಕೆ ಬಾ ಅನ್ನುತ್ತಿದ್ದೆ. ಹದಿನಾಲ್ಕು ವರ್ಷ ಅದೇ ಕಥೆ. ತುಕ್ಕುರಾಯ ಮುಟ್ಟಿದ ಕಬ್ಬಿಣ ಪುಡಿಯಾಗಬೇಕು, ಸೇತುವೆ ಬೀಳಬೇಕು, ರೈಲು ಉರುಳಬೇಕು. ಗಸ್ತುಗಾರ ಅವನ ಕುತ್ತಿಗೆ ಹಿಡಿಯಬೇಕು, ಹಿಡಿದು ಪೊಲೀಸರಿಗೆ ಕೊಡಬೇಕು. ಆರು ತಿಂಗಳಿಗೆ ಅವನು ಮತ್ತೆ ಹಾಜರ್.

ಲೆನಿಯೂ ಹಾಗೇ ಅಲ್ಲವೇ? ನಿನ್ನ ಅಕ್ಕ ಪಿರಿಯ ಕೈ ಮುರಿದ, ನ್ಯಾಯಾಧೀಶರು ಗದರಿಸಿ ಕಳಿಸಿದರು. ಪಕ್ಕೆಲುಬು ಮುರಿದ, ಪಾದ್ರಿಗಳು ಕೂರಿಸಿಕೊಂಡು ರಾಜಿ ಮಾಡಿಸಿದರು. ಪ್ರತಿ ಸಲವೂ ಕೈಯಲ್ಲಿ ಕೆಂಪು ಹೂ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ, ಪ್ರತಿ ಸಲವೂ ಇವಳು ಅವನ ಹಿಂದೆ ಹೋಗುತ್ತಿದ್ದಳು. ಕೊನೆಯ ಸಲ ದವಡೆ ಮುರಿದ. ನಾನು ಮರೆತಿಲ್ಲ. ಮರೆತಿದ್ದೇನೆ ಅಂದುಕೊಳ್ಳಬೇಡ.

ಆದರೆ ಜೂನ್‌ನಲ್ಲಿ ಆ ಸುದ್ದಿ ಹೇಳಿದಾಗ ನೀನು ನಕ್ಕೆ. ಐದು ವರ್ಷದಲ್ಲಿ ಹಲ್ಲು ಕಾಣುವ ಹಾಗೆ ನಕ್ಕಿದ್ದು ಅದೇ ಮೊದಲು. "ಕೊನೆಗೂ ಬುದ್ಧಿ ಬಂತು ನೋಡು ಅವರಿಗೆ! ಹದಿನಾಲ್ಕು ವರ್ಷದ ಹಿಂದೇನೇ ಮಾಡಿದ್ರೆ ಎಷ್ಟು ಜನ ಉಳೀತಿದ್ರು" ಅಂದೆ. ಆಮೇಲೆ, "ಈಗ ನಾನೂ ಗಸ್ತುಗಾರನೂ ಒಂದೇ ಅಲ್ವೇನಮ್ಮ? ಮಂಡಳಿಯೋರಿಗೂ ಅದನ್ನೇ ಹೇಳ್ತೀನಿ" ಅಂದೆ. ಮಗ ನಗಲಿ ಅಂತ ಮೂರು ಗಂಟೆ ಬಸ್ಸಿನಲ್ಲಿ ಬಂದವಳು ಆ ನಗು ನೋಡಲಾರದೆ ಎದ್ದು ಹೋದೆ.

ಸೋಮವಾರ ಕೆಲಸಕ್ಕೆ ಹೋದರೆ ಕರ್ಮ, ಅದೇ ಪುಟ ನನ್ನ ಪಾಲಿಗೆ ಬರಬೇಕೇ! ತುಕ್ಕುರಾಯ ನೆಲದ ಮೇಲೆ ಬಿದ್ದಿದ್ದಾನೆ, ಗಸ್ತುಗಾರ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಾನೆ. ಸತ್ತವನ ಮುಖಕ್ಕೆ ಬೂದಿಯ ಬಣ್ಣ ಎಂದು ಪಕ್ಕದಲ್ಲಿ ಗುರುತು ಹಾಕಿ ಕಳಿಸಿದ್ದರು. ನಮ್ಮ ಕೆಲಸ ನಿನಗೆ ಗೊತ್ತೇ ಇದೆ. ಹಳದಿಗೊಂದು, ಕೆಂಪಿಗೊಂದು, ನೀಲಿಗೊಂದು ಅಂತ ಪ್ಲಾಸ್ಟಿಕ್ ಹಾಳೆ. ಯಾವ ಹಾಳೆಯ ಮೇಲಾದರೂ ನಾವು ಬಳಿಯುವುದು ಒಂದೇ ಕಂದು ಮಸಿ. ನಿಜವಾದ ಬಣ್ಣ ನಮ್ಮ ಕಣ್ಣಿಗೆ ಬೀಳುವುದು ಪುಸ್ತಕ ಅಚ್ಚಾಗಿ ಬಂದಮೇಲೆ. ಬೂದಿ ಬರಬೇಕಾದರೆ ಮೂರರಲ್ಲೂ ತೆಳ್ಳಗೆ ಬಳಿಯಬೇಕು. ನಾನು ಹಳದಿಯಲ್ಲಿ ಪೂರ್ತಿ, ಕೆಂಪಿನಲ್ಲಿ ದಟ್ಟವಾಗಿ ಬಳಿದುಬಿಟ್ಟೆ. ಹದಿನಾಲ್ಕು ವರ್ಷದಿಂದ ಬದುಕಿದ್ದ ಅವನ ಮುಖಕ್ಕೆ ಹಾಗೇ ಬಳಿದವಳು.

ಅಭ್ಯಾಸಬಲ ಅಂತ ಎಲ್ಲರಿಗೂ ಹೇಳಿದ್ದೇನೆ. ನಿನಗೆ ಸುಳ್ಳು ಹೇಳುವುದಿಲ್ಲ. ಹಳದಿ ಹಾಳೆ ಮುಗಿಸಿದಾಗಲೇ ತಪ್ಪು ಗೊತ್ತಾಗಿತ್ತು. ಒರೆಸಲು ಬಟ್ಟೆ ಕೈಗೆ ತೆಗೆದುಕೊಂಡೆ. ನಿನ್ನ ನಗು ನೆನಪಾಯಿತು. ಬಟ್ಟೆ ಕೆಳಗಿಟ್ಟು ಕೆಂಪು ಹಾಳೆ ಎಳೆದುಕೊಂಡೆ.

ಸೆಪ್ಟೆಂಬರ್‌ನಲ್ಲಿ ಪುಸ್ತಕ ಅಂಗಡಿಗೆ ಬಂತು. ಎಲ್ಲರೂ ಸತ್ತ ಸತ್ತ ಅಂತ ಅಳುತ್ತಿದ್ದಾರೆ, ಇವನು ಮಾತ್ರ ಮದುವೆ ಊಟ ಮಾಡಿ ಮಲಗಿದವನ ಹಾಗೆ ಕೆಂಪಗೆ ಬಿದ್ದಿದ್ದಾನೆ! ನಮ್ಮ ಮೇಸ್ತ್ರಿ ಹಾಲ್ಪಿನ್ ಪುಸ್ತಕ ಹಿಡಿದು ನೇರ ನನ್ನ ಮೇಜಿಗೆ ಬಂದ. "ಎಟೆಲ್, ಬೈಬಲ್‌ನಲ್ಲಿ ಆ ಸತ್ತ ಲಾಜರನನ್ನ ಎಬ್ಬಿಸೋಕೆ ನಮ್ಮ ಸ್ವಾಮೀನೇ ಬರ್ಬೇಕಾಯ್ತು. ನಿನಗೆ ಒಂದು ಕುಂಚ ಸಾಕಾಯ್ತಲ್ಲೇ ಮಾರಾಯ್ತಿ!" ಎಂದ. ಕೋಣೆಯೆಲ್ಲ ಹೋ ಎಂದು ನಕ್ಕಿತು. ಕೆಲಸ ಹೋಯಿತು ಅಂದುಕೊಂಡು ಚೀಲಕ್ಕೆ ಕೈಹಾಕಿದೆ. ಅಷ್ಟರಲ್ಲಿ ನ್ಯೂಯಾರ್ಕಿನಿಂದಲೇ ಸುದ್ದಿ ಬಂತು, ಹುಡುಗರ ಕಾಗದಗಳು ಮೂಟೆಗಟ್ಟಲೆ ಬರುತ್ತಿವೆಯಂತೆ. ಮುಖದಲ್ಲಿ ರಕ್ತ ಇದೆ, ಅವನು ಸತ್ತಿಲ್ಲ, ನಾವು ಕಂಡುಹಿಡಿದೆವು ಅಂತ. ಕೊಂದದ್ದು ಸರಿ ಅನ್ನುವವರು ಅರ್ಧ, ಗಸ್ತುಗಾರನ ಮುಖ ನೋಡಲಾರೆವು ಅನ್ನುವವರು ಅರ್ಧ. ನ್ಯೂಯಾರ್ಕಿನ ದೊಡ್ಡವರಿಗೆ ಇನ್ನೇನು ಬೇಕು? ಮೊದಲಿಂದಲೂ ಅದೇ ನಮ್ಮ ಯೋಚನೆಯಾಗಿತ್ತು ಎಂದುಬಿಟ್ಟರು. ಬರುವ ಏಪ್ರಿಲ್‌ಗೆ ತುಕ್ಕುರಾಯ ಮತ್ತೆ ಎದ್ದು ಬರುತ್ತಾನೆ.

ನಿನಗೆ ಸಿಟ್ಟು ಬಂದಿರಬೇಕು. ಬರಲಿ. ಮೊನ್ನೆ ಬುತ್ತಿ ಬಿಚ್ಚಿಕೊಂಡು ಕೂತಾಗ ನಮ್ಮಲ್ಲೂ ಇದೇ ಜಗಳ. ನನ್ನ ಪಕ್ಕದ ಮೇಜಿನ ಕಾರ್ಮೆಲಾ ನಿನಗೆ ನೆನಪಿರಬೇಕಲ್ಲ, ದಪ್ಪ ಕನ್ನಡಕದವಳು. ಅವಳಿಗೆ ಯಾರು ಸತ್ತರೂ ತಮಾಷೆಯೇ.

"ಅಯ್ಯೋ, ಅವನನ್ನ ಸಾಯ್ಸಿಬಿಟ್ರೆ ಮುಂದಿನ ತಿಂಗಳು ನಾವೇನು ಬಳಿಯೋಣ, ಗೋಡೆನಾ? ಅದಿರ್ಲಿ, ಎಲ್ಲಾರೂ ಗಸ್ತುಗಾರ ಕೊಂದ, ಗಸ್ತುಗಾರ ಕೊಂದ ಅಂತಾರಲ್ಲ, ಪಾಪ ಅವನೇನು ಮಾಡ್ದ? ಕೊಲ್ಲು ಅಂತ ಬರೆದೋನು ನ್ಯೂಯಾರ್ಕಲ್ಲಿ ಬರೆದಿಟ್ಟು ಊಟಕ್ಕೆ ಹೋಗಿರ್ತಾನೆ. ಅವನ ಕೈಗೆ ಒಂದು ಚುಕ್ಕೆ ಮಸಿ ಅಂಟಿರಲ್ಲ ನೋಡು!"

ಎಲ್ಲರೂ ನಕ್ಕರು. ನಾನು ಬಾಯಲ್ಲಿದ್ದ ಬ್ರೆಡ್ಡನ್ನು ಬಚ್ಚಲಿಗೆ ಹೋಗಿ ಉಗಿದು ಬಂದೆ. ಅವತ್ತಿನಿಂದ ಒಂದು ನಿಮಿಷ ಸುಮ್ಮನೆ ಕೂತಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತೇನೆ.

ಪಿರಿ ಹೇಗಿದ್ದಾಳೆ ಅಂತ ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಚಳಿಗೆ ದವಡೆ ನೋಯುತ್ತದೆ, ಬೆಚ್ಚಗೆ ಶಾಲು ಸುತ್ತಿಕೊಂಡು ಹೋಗುತ್ತಾಳೆ. ಸತ್ತವರ ಹಬ್ಬಕ್ಕೆ ಇನ್ನೊಂದು ವಾರವಿದೆ, ಆಗಲೇ ಲೆನಿಯ ಗೋರಿಗೆ ಮೇಣದಬತ್ತಿ ತಂದಿಟ್ಟಿದ್ದಾಳೆ. ಹೊಟ್ಟೆ ಉರಿಯುತ್ತದೆ ನನಗೆ. "ನಿನ್ನ ಮೂಳೆ ಮುರಿದವನಿಗೆ ದೀಪ ಬೇರೆ ಕೇಡು" ಅಂದೆ. ಅವಳು ಕೂಗಾಡಲಿಲ್ಲ. "ಅವನನ್ನ ಬಿಟ್ಟು ಬರೋಕೆ ನಾನು ಅವತ್ತು ತೀರ್ಮಾನ ಮಾಡಿದ್ದೆ ಅಮ್ಮ. ದವಡೆ ಕೂಡ್ಲಿ ಅಂತ ನನ್ನ ಬಾಯಿಗೆ ತಂತಿ ಕಟ್ಟಿದ್ರು, ಹೇಳಕ್ಕಾಗ್ಲಿಲ್ಲ ಅಷ್ಟೆ. ಇನ್ನೆರಡು ವಾರ ಕಾದಿದ್ರೆ ನಾನೇ ಹೇಳ್ತಿದ್ದೆ. ಗಂಡನೂ ಹೋದ, ತಮ್ಮನೂ ಹೋದ. ಎಮಿಲ್‌ಗೆ ಹೋಗು ಅಂದೋರ್ಯಾರು? ನಾನು ಕೇಳ್ಕೊಂಡಿದ್ನಾ?" ಅಂದಳು. ಐದು ವರ್ಷದಲ್ಲಿ ನಿನ್ನನ್ನು ನೋಡಲು ಅವಳು ಯಾಕೆ ಬಂದಿಲ್ಲ ಅಂತ ನೀನು ಮೊದಲ ವರ್ಷ ಕೇಳುತ್ತಿದ್ದೆ, ಆಮೇಲೆ ಕೇಳುವುದನ್ನು ಬಿಟ್ಟೆ. ಇದಕ್ಕೇ ಕಣೋ.

ನಿನಗೆ ಉಪದೇಶ ಮಾಡಲು ಕೂತಿಲ್ಲ ನಾನು. ಒಳ್ಳೆಯವನು ಕೊಲ್ಲಬಹುದೇ ಬಾರದೇ ಅಂತ ನೀನು ಹನ್ನೆರಡು ವರ್ಷಕ್ಕೆ ಕೇಳಿದ್ದಕ್ಕೆ ಐವತ್ತೆಂಟಕ್ಕೂ ನನ್ನಲ್ಲಿ ಉತ್ತರವಿಲ್ಲ. ಲೆನಿ ಬದುಕಿದ್ದರೆ ಪಿರಿ ಹೇಳಿದ ಹಾಗೆ ಬಿಟ್ಟು ಬರುತ್ತಿದ್ದಳೋ, ಇಲ್ಲ ಮಣ್ಣಿಗೆ ಹೋಗಿರುತ್ತಿದ್ದಳೋ, ದೇವರೇ ಬಲ್ಲ. ಆದರೆ ಹದಿನಾಲ್ಕನೇ ತಾರೀಖು ಅವರು ಆ ಬಾಗಿಲಿನ ಪ್ರಶ್ನೆ ಕೇಳಿದಾಗ ಗಸ್ತುಗಾರನನ್ನು ನೆನೆಯಬೇಡ. ಅವನು ಕಾಗದದವನು, ಅವನ ಕೈಯಿಂದ ಆದದ್ದನ್ನು ನಾನು ಒಂದು ಕುಂಚದಲ್ಲಿ ಇಲ್ಲ ಅನ್ನಿಸಿದೆ. ನಿನ್ನದನ್ನು ಯಾವ ಕುಂಚದಿಂದ ಅಳಿಸಲಿ? ನಾನೂ ಆ ಕೋಣೆಗೆ ಬರುತ್ತೇನೆ. ಟೆಡೆಸ್ಕೊ ಹೇಳಿಕೊಟ್ಟ ಚರ್ಚಿನ ಮಾತು ಹೇಳಲು ಅಲ್ಲ.

ಬೆಚ್ಚಗಿರು. ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ, ಯಾರಿಗೂ ಕೊಟ್ಟುಬಿಡಬೇಡ. ದೇವರು ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ. ನಿನ್ನ ಅಪ್ಪನ ಆಯುಸ್ಸಿನಲ್ಲಿ ಉಳಿದದ್ದು, ನನ್ನದರಲ್ಲಿ ಇರುವುದು, ಎಲ್ಲ ನಿನಗೇ ಸೇರಲಿ.

ನಿನ್ನ ಅಮ್ಮ,
ಎಟೆಲ್ಕಾ

ತಾ.ಕ. ಕವರಿಗೆ ಅಂಟು ಹಚ್ಚಿದವಳು ಮತ್ತೆ ಹರಿದೆ. ಈ ಕಾಗದವನ್ನು ನಿನಗಿಂತ ಮೊದಲು ಅಲ್ಲಿನ ಕಾವಲಿನವರು ಓದುತ್ತಾರೆಂದು ಗೊತ್ತು. ಓದಲಿ.

ಲೆನಿ ಸತ್ತ ಆ ಭಾನುವಾರ ಪಿರಿ ದವಡೆಗೆ ತಂತಿ ಕಟ್ಟಿಸಿಕೊಂಡು ಮೇಲಿನ ಕೋಣೆಯಲ್ಲಿ ಮಲಗಿದ್ದಳು. ನಾನು ತಟ್ಟೆ ತೊಳೆಯುತ್ತಿದ್ದೆ, ನೀನು ಒರೆಸುತ್ತಿದ್ದೆ. "ನಮ್ಮಪ್ಪನ ಊರಲ್ಲಾಗಿದ್ರೆ ಇಂಥವನು ಇನ್ನೊಂದು ಭಾನುವಾರ ನೋಡ್ತಿರ್ಲಿಲ್ಲ. ಅವನಿನ್ನೂ ಉಸಿರಾಡ್ತಿದಾನಲ್ಲ, ನೀನೂ ಒಬ್ಬ ಗಂಡಸೇನೋ?" ಎಂದೆ. ನೀನು ಕೈಯಲ್ಲಿದ್ದ ತಟ್ಟೆ ಒರೆಸಿ ಜಾಗದಲ್ಲಿಟ್ಟೆ, ಬಟ್ಟೆ ಒಣಹಾಕಿದೆ, ಕೋಟು ತೆಗೆದುಕೊಂಡೆ. ಬಾಗಿಲು ಹಾಕಿದ ಸದ್ದು ಕೇಳಿತು. ಎಲ್ಲಿಗೆ ಹೋಗುತ್ತಿದ್ದೀಯೆಂದು ನನಗೆ ಗೊತ್ತಿತ್ತು ಎಮಿಲ್. ನಾನು ಕರೆಯಲಿಲ್ಲ.

ಕೋರ್ಟಿನಲ್ಲಿ ಯಾರಾದರೂ ಹೇಳಿಕೊಟ್ಟರಾ ಅಂತ ಕೇಳಿದಾಗ ನೀನು "ಯಾರೂ ಇಲ್ಲ" ಅಂದೆ. ನಾನು ಎರಡನೇ ಸಾಲಿನಲ್ಲಿ ಕೂತು ಸುಮ್ಮನಿದ್ದೆ. ಇದನ್ನೆಲ್ಲ ಬರೆದು ನಿನ್ನೆ ಟೆಡೆಸ್ಕೊ ಕೈಗೆ ಕೊಟ್ಟಿದ್ದೇನೆ, ಬೇಡ ಅನ್ನಲು ನಿನಗೆ ಸಮಯವಿಲ್ಲ.

ಇವತ್ತು ಬೆಳಿಗ್ಗೆ ಪಿರಿಗೂ ಹೇಳಿದೆ. ಅವಳು ನಾಳೆ ಜೈಲಿಗೆ ಹೋಗುವ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದಳು. ಆರೂಮುಕ್ಕಾಲಿಗೆ, ಬೇಗ ಎದ್ದು ಇಬ್ಬರಿಗೂ ಬುತ್ತಿ ಕಟ್ಟುತ್ತೇನೆ ಅಂದೆ.

"ನೀನು ಬರ್ಬೇಡ" ಅಂದಳು.