ಎರಡನೇ ಸಲ ಕೇಳಲಿಲ್ಲ

ಹುಬ್ಬಳ್ಳಿ
14-8-2005, ರವಿವಾರ

ಪ್ರೀತಿಯ ತಂಗಿ ಶೇವಂತಿ,

ಹೇಗಿದ್ದೀ? ಕೆಮ್ಮು ಹೋಯಿತೇ? ಸವದತ್ತಿಯ ಸೋದರಮಾವನ ಮನೆಯಲ್ಲಿ ನೀರು ಹೊರುವುದು ನಿನ್ನ ಪಾಲಿಗೇ ಬಂದಿದೆಯೆಂದು ಗೊತ್ತು. ಒದ್ದೆ ತಲೆಯಲ್ಲಿ ಮಲಗಬೇಡ, ಹುಚ್ಚಿ.

ಗುರುವಾರ ನಮ್ಮ ಅಂಗಿ ಫ್ಯಾಕ್ಟರಿಗೆ ಪರದೇಶದ ಮೇಡಮ್ ಒಬ್ಬರು ತಪಾಸಣೆಗೆ ಬಂದಿದ್ದರು. ನಾವು ಹೊಲಿದ ಅಂಗಿ ಅವರ ದೇಶಕ್ಕೆ ಕಡಿಮೆ ಸುಂಕದಲ್ಲಿ ಹೋಗಬೇಕಾದರೆ ಕೆಲಸಗಾರರನ್ನು ನ್ಯಾಯವಾಗಿ ನಡೆಸಿಕೊಳ್ಳಬೇಕು, ಸಂಘ ಕಟ್ಟಿದವರನ್ನು ತೆಗೆಯಬಾರದು ಎಂದು ಒಪ್ಪಂದವಿದೆಯಂತೆ. ಅದರ ಕನ್ನಡ ಪ್ರತಿಗೆ ಗಾಜು ಹಾಕಿಸಿ, ದೇವರ ಫೋಟೊದ ಪಕ್ಕದಲ್ಲೇ ತೂಗುಹಾಕಿದ್ದಾರೆ. ಅದನ್ನು ನಂಬಿಯೇ ನನ್ನ ಪಕ್ಕದ ಮಷೀನಿನ ಮೈಮುನಾ ಸಂಘಕ್ಕೆ ಸಹಿ ಕೂಡಿಸಿದಳು. ಮರುವಾರವೇ ಅವಳನ್ನು ಹೊರಗೆ ಹಾಕಿದರು.

ಅವಳನ್ನು ವಾಪಸು ತರಲು ಈ ತಪಾಸಣೆಯೊಂದೇ ದಾರಿ. ನಾನೇ ಹೇಳುತ್ತೇನೆಂದು ಅವಳ ಕೈ ಹಿಡಿದು ಮಾತು ಕೊಟ್ಟಿದ್ದೆ. ಮೇಡಮ್ ಮ್ಯಾನೇಜರನನ್ನು ಹೊರಗೆ ಕಳಿಸಿ, ಮಾತು ಕನ್ನಡದಲ್ಲಿ ತಿಳಿಸಲು ಬೆಂಗಳೂರಿನ ಹುಡುಗಿಯನ್ನು ಕೂರಿಸಿಕೊಂಡು, ಇಲ್ಲಿ ಏನಾದರೂ ತೊಂದರೆ ಇದೆಯೇ ಎಂದು ಕೇಳಿದರು. ನಾನು ಏನೆಂದೆ ಗೊತ್ತೇ? “ಏನಿಲ್ರಿ, ಎಲ್ಲಾ ಛಲೋ ಐತ್ರಿ. ನೀವು ಚಾ ಕುಡದ್ರೇನ್ರಿ?”

ಬೈಯಬೇಡ. ದೂರದಿಂದ ಬಂದವರೆದುರು ಕೂತ ಕೂಡಲೇ ನಮ್ಮ ತಾಪತ್ರಯ ಬಿಚ್ಚುತ್ತೇವೆಯೇ? ಊಟಕ್ಕೆ ಏಳ್ರಿ ಅಂದರೂ ಮೊದಲು ಒಲ್ಲೆ ಅನ್ನುವವರು ನಾವು. ಇನ್ನೊಮ್ಮೆ ಕೇಳುತ್ತಾರೆ, ಆಗ ಎಲ್ಲ ಹೇಳೋಣವೆಂದು ಸೆರಗು ಸರಿಮಾಡಿಕೊಂಡು ಕೂತೆ. ಅವರು ಹಾಳೆಯ ಮೇಲೆ ಗೀಟು ಹಾಕಿ, ನಕ್ಕು, ಮುಂದಿನವಳನ್ನು ಕರೆದರು. ನಾನು ಹಾಗಂದೆನೆಂದು ತಿಳಿದ ಮೇಲೆ ಉಳಿದವರೂ ಹಾಗೇ ಅಂದರು. ಫ್ಯಾಕ್ಟರಿ ಪಾಸಾಯಿತು. ನಿನ್ನೆ ಪೇಢೆ ಹಂಚಿದರು, ನಾನೂ ತಿಂದೆ. ನನ್ನ ಮೇಲೆ ನನಗೇ ಹೇಸಿಕೆ ಬಂದಿದೆ, ಶೇವಂತಿ. ತಪಾಸಣೆಯ ದಿನ ಸಂಜೆ ಮೈಮುನಾ ಮನೆಗೇ ಬಂದು “ಹೇಳಿದೇನಕ್ಕಾ?” ಅಂದಳು. “ಹೇಳೇನಿ” ಅಂದುಬಿಟ್ಟೆ.

ಮಾವ, ಅತ್ತಿ ಇಬ್ಬರಿಗೂ ಶರಣು ಹೇಳು. ಶಿವ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ದಾಕ್ಷಾಯಿಣಿ

ವಿ.ಸೂ.: ಮೈಮುನಾಳ ಮಷೀನಿಗೆ ನಿನ್ನ ಹೆಸರು ಬರೆಸಿದ್ದೇನೆ. ಮಾವನ ಮನೆಯಲ್ಲಿ ಇನ್ನೆಷ್ಟು ದಿನ ದುಡಿಯುತ್ತೀ? ಇದೇ 22ರ ಸೋಮವಾರ ಬೆಳಿಗ್ಗೆ ಎಂಟಕ್ಕೆ ಹಾಜರಾಗಬೇಕು. ಹಿಂದಿನ ಗೇಟಿನಿಂದ ಬಾ. ತನ್ನನ್ನು ಕರೆಯುತ್ತಾರೆಂದು ಅವಳು ದಿನಾ ಮುಂದಿನ ಗೇಟಿನಲ್ಲಿ ನಿಂತಿರುತ್ತಾಳೆ.