ಮೂರನೇ ಸಾಲಿನ ಉಸಿರು

ಅಮ್ಮಾ,

ನೀನು ಹೋದ ಮೇಲೆ ನಮ್ಮ ಗಾಯನ ಸಂಘ ಇವತ್ತೇ ಮೊದಲು ಸೇರಿದ್ದು. ಸಂಘದ ಹಾಡಿನ ಮೂರನೇ ಸಾಲಿನ ನಡುವೆ ಎಲ್ಲರೂ ಒಟ್ಟಿಗೆ ದನಿ ನಿಲ್ಲಿಸಿಬಿಟ್ಟಾಗ ಹೊಸ ಮೇಷ್ಟ್ರು ತಬ್ಬಿಬ್ಬಾದರು.

"ಇಲ್ಲಿ ಯಾಕ್ರೀ ನಿಲ್ತೀರಿ?"

"ಸಂಘ ಕಟ್ಟಿದ ಅಮ್ಮಾವ್ರೇ ನಿಲ್ತಿದ್ರು ಸಾರ್," ಅಂದರು ದರ್ಜಿ ಮಾವ. "ಮೂವತ್ತು ವರ್ಷದಿಂದ ನಾನು ಕೆಮ್ಮೋದೂ ಅಲ್ಲೇ. ಅದನ್ನ ಬದಲಾಯಿಸ್ತೀರಾ?"

ಎಲ್ಲರೂ ನನ್ನ ಮುಖ ನೋಡಿದರು.

"ಅಮ್ಮ ಬೇಕಂತ ನಿಲ್ತಿರಲಿಲ್ಲ ಮಾವ, ಉಸಿರು ಸಾಲ್ತಿರಲಿಲ್ಲ. ನಮಗೆ ಸಾಲುತ್ತೆ. ಹಾಡೋಣ," ಅಂದೆ.

ಮಾವ ಮುಖ ಊದಿಸಿಕೊಂಡೇ ಹಾಡಿದರು. ಆ ಸಾಲು ಎಲ್ಲೂ ಮುರಿಯದೆ ಕೊನೆಯವರೆಗೂ ಹೋಯಿತು. ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಯಾರೂ ಕೂರಲಿಲ್ಲ.

ತುಂಬಾ ಚೆನ್ನಾಗಿತ್ತಮ್ಮ. ನೀನು ಕೇಳಬೇಕಿತ್ತು.